ಭಾಷೆ ಕೊಡದ ಸಂಕಮ್ಮ

ಅಮಾವಾಸ್ಯೆ ಹತ್ತಿರ ಬಂತೆಂದರೆ ಕೊಳ್ಳೇಗಾಲದ ಬಸ್ ನಿಲ್ದಾಣದ ಚಹರೆಯೇ ಬದಲಾಗುತ್ತದೆ. ತಲೆಯ ಮೇಲೆ ಗಂಟು, ಕಂಕುಳಲ್ಲಿ ಮಗು, ಬಾಯಲ್ಲಿ ‘ಉಘೇ ಮಾದಪ್ಪ’ ಎಂಬ ಕೂಗು. ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟ ಹತ್ತುವ ಬಸ್ಸುಗಳು ಜನರನ್ನು ತುಂಬಿಕೊಂಡು ಸಾಗುತ್ತವೆ. ಈ ಜನರಿಗೆ ಮಾದಪ್ಪನ ಕಥೆಯನ್ನು ಯಾರೂ ಪುಸ್ತಕ ಹಿಡಿದು ಹೇಳಿಕೊಡಬೇಕಾಗಿಲ್ಲ. ಕೈಯಲ್ಲಿ ಕಂಸಾಳೆ ಹಿಡಿದ ದೇವರಗುಡ್ಡರು ತಲೆಮಾರುಗಳಿಂದ ಅದನ್ನು ಇರುಳಿಡೀ ಹಾಡುತ್ತ ಬಂದಿದ್ದಾರೆ. ‘ಸಾಲು’ ಎಂದು ಕರೆಯಲಾಗುವ ಆ ಕಾವ್ಯದ ಭಾಗಗಳಲ್ಲಿ ಕೇಳುಗರು, ಅದರಲ್ಲೂ ಹೆಂಗಸರು, ಉಸಿರು ಬಿಗಿಹಿಡಿದು ಕೇಳುವ ಒಂದು ಭಾಗವಿದೆ. ಅದೇ ಸಂಕಮ್ಮನ ಸಾಲು.

ಇದು ದೇವರ ಮಹಿಮೆಯ ಕಥೆ ನಿಜ. ಜೊತೆಗೆ, ಒಬ್ಬ ಹೆಂಗಸು ಗಂಡನ ಎದುರು ನಿಂತು ‘ಇಲ್ಲ’ ಎಂದ ಕಥೆಯೂ ಹೌದು. ಜಗತ್ತಿನ ಮಾರ್ಕ್ಸ್‌ವಾದಿ ಚಿಂತಕರು ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಚರ್ಚಿಸುತ್ತ ಬಂದಿರುವ ಒಂದು ಕಠಿಣ ಪ್ರಶ್ನೆಯನ್ನು ಅರಿಯಲು ಈ ಕಥೆಗಿಂತ ಒಳ್ಳೆಯ ದಾರಿ ಸಿಗುವುದು ಕಷ್ಟ. ಆ ಪ್ರಶ್ನೆ ಇಷ್ಟೆ: ದುಡಿಯುವವರು, ತುಳಿತಕ್ಕೆ ಸಿಕ್ಕವರು, ತಮ್ಮನ್ನು ಕಟ್ಟಿಹಾಕುವ ವಿಚಾರಗಳನ್ನು ತಮ್ಮವೇ ಎಂದು ಏಕೆ ನಂಬುತ್ತಾರೆ? ಆ ನಂಬಿಕೆ ಎಲ್ಲಿ, ಯಾವಾಗ ಬಿರುಕು ಬಿಡುತ್ತದೆ?

ಕಥೆ ಏನು?

ಹಾಡುವವರಿಂದ ಹಾಡುವವರಿಗೆ ವಿವರಗಳು ಬದಲಾಗುತ್ತವೆ. ಮೂಲದ ಎಳೆ ಮಾತ್ರ ಒಂದೇ. ಎಪ್ಪತ್ತೇಳು ಮಲೆಯ ನಡುವೆ ಬದುಕುವ ಸೋಲಿಗರ ನೀಲೇಗೌಡ, ಅವನ ಹೆಂಡತಿ ಸಂಕಮ್ಮ. ಮದುವೆಯಾಗಿ ಬಹುಕಾಲವಾದರೂ ಮಕ್ಕಳಿಲ್ಲ. ನೀಲೇಗೌಡ ತನ್ನವರ ಜೊತೆ ಜೇನು ಕೀಳಲು ದೂರದ ಕಾಡಿಗೆ ಹೊರಡಬೇಕು. ಹೊರಡುವ ಮುನ್ನ ಅವನಿಗೆ ಒಂದು ಅನುಮಾನ. ತಾನು ಮರಳಿ ಬರುವವರೆಗೆ ಹೆಂಡತಿ ಶೀಲ ಕಾಯುತ್ತಾಳೆಂಬ ಖಾತ್ರಿ ಏನು? ‘ಭಾಷೆ ಕೊಡು’ ಎಂದು ಕೇಳುತ್ತಾನೆ.

ಸಂಕಮ್ಮ ಕೊಡುವುದಿಲ್ಲ. ತನ್ನ ಮನಸ್ಸು ಶುದ್ಧವಾಗಿರುವಾಗ ಆಣೆ ಭಾಷೆಯ ಅಗತ್ಯವೇನು ಎಂಬುದು ಅವಳ ನಿಲುವು. ಗಂಡ ಬೇಡುತ್ತಾನೆ, ಗದರಿಸುತ್ತಾನೆ, ಹಿಂಸಿಸುತ್ತಾನೆ. ಕೊನೆಗೆ ಕಾಡಿನ ನಡುವೆ ಗುಡಿಸಿಲಿನಲ್ಲಿ ಅವಳನ್ನು ಕೂಡಿಹಾಕಿ ಜೇನಿಗೆ ಹೊರಟುಹೋಗುತ್ತಾನೆ. ಅವಳ ಮೊರೆ ಮಾದಪ್ಪನಿಗೆ ಮುಟ್ಟುತ್ತದೆ. ಜಂಗಮನ ವೇಷದಲ್ಲಿ ಬಂದ ಮಾದಪ್ಪ ಅವಳನ್ನು ಸೆರೆಯಿಂದ ಬಿಡಿಸಿ ಮಕ್ಕಳ ಫಲ ಕೊಡುತ್ತಾನೆ. ಮರಳಿ ಬಂದ ನೀಲೇಗೌಡನ ಅನುಮಾನ ಇನ್ನೂ ಹೆಚ್ಚುತ್ತದೆ. ಸಂಕಮ್ಮ ಪರೀಕ್ಷೆಗೆ ಒಳಗಾಗಬೇಕಾಗುತ್ತದೆ. ಕೊನೆಗೆ ಅವಳ ಸತ್ಯ ಗೆಲ್ಲುತ್ತದೆ. ಕಾರಯ್ಯ, ಬಿಲ್ಲಯ್ಯ ಎಂಬ ಅವಳ ಮಕ್ಕಳು ಮುಂದೆ ಮಾದಪ್ಪನ ಪರಿವಾರ ಸೇರುತ್ತಾರೆ.

ಮಾದಪ್ಪನ ಕಾವ್ಯವನ್ನು ಡಾ. ಪಿ.ಕೆ. ರಾಜಶೇಖರ ಮೊದಲಾದ ವಿದ್ವಾಂಸರು 1970ರ ದಶಕದಿಂದೀಚೆಗೆ ಸಂಗ್ರಹಿಸಿ ಅಚ್ಚು ಹಾಕಿಸಿದ ಮೇಲೆ ಓದುಬಲ್ಲ ಲೋಕದ ಕಣ್ಣೂ ಇದರ ಮೇಲೆ ಬಿತ್ತು. ಅಲ್ಲಿಯವರೆಗೆ ಇದು ಕೇಳುವವರ ಸ್ವತ್ತಾಗಿತ್ತು.

ಒಂದು ಪದದ ಚರಿತ್ರೆ

ಇಂಗ್ಲಿಷಿನ ‘ಐಡಿಯಾಲಜಿ’ ಎಂಬ ಪದಕ್ಕೆ ಕನ್ನಡದಲ್ಲಿ ಸಿದ್ಧಾಂತ, ವಿಚಾರಧಾರೆ, ವಿಚಾರಪ್ರಣಾಳಿ ಎಂದೆಲ್ಲ ಹೇಳುವುದುಂಟು. ಈ ಪದವನ್ನು ಹುಟ್ಟಿಸಿದವನು ಫ್ರಾನ್ಸಿನ ದೆಸ್ತ್ಯುತ್ ದ ತ್ರಾಸಿ, 1796ರಲ್ಲಿ. ಅವನಿಗೆ ಅದು ‘ವಿಚಾರಗಳ ವಿಜ್ಞಾನ’ ಮಾತ್ರ. ಪದಕ್ಕೆ ಇಂದಿನ ಮೊನಚು ಬಂದದ್ದು ಕಾರ್ಲ್ ಮಾರ್ಕ್ಸ್ ಮತ್ತು ಫ್ರೆಡ್ರಿಕ್ ಎಂಗೆಲ್ಸ್ 1845-46ರಲ್ಲಿ ಬರೆದ, 1932ರವರೆಗೂ ಪೂರ್ಣವಾಗಿ ಅಚ್ಚಾಗದಿದ್ದ ‘ಜರ್ಮನ್ ಐಡಿಯಾಲಜಿ’ ಎಂಬ ಹಸ್ತಪ್ರತಿಯಿಂದ. ಹೊಲ, ಕಾರ್ಖಾನೆ, ಹಣ ಯಾರ ಕೈಯಲ್ಲಿವೆಯೋ ವಿಚಾರಗಳನ್ನು ಹುಟ್ಟಿಸುವ, ಹರಡುವ ಸಾಧನಗಳೂ ಅವರ ಕೈಯಲ್ಲೇ ಇರುತ್ತವೆ. ಹೀಗಾಗಿ ಆಳುವವರ ವಿಚಾರವೇ ಆ ಕಾಲದ ಎಲ್ಲರ ವಿಚಾರವಾಗಿ ಕಾಣಿಸುತ್ತದೆ ಎಂಬುದು ಅವರ ವಾದದ ತಿರುಳು.

ಇದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಾಗಿಲ್ಲ. ಕೊಳ್ಳೇಗಾಲದ ನೆರೆಯ ಯಳಂದೂರಿಗೆ ಹೋದರೆ ಸಾಕು.

ಯಳಂದೂರಿನ ಹೊನ್ನಮ್ಮ

ಹದಿನೇಳನೇ ಶತಮಾನದ ಕೊನೆಯಲ್ಲಿ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರ (1673-1704) ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದವಳು ಯಳಂದೂರಿನ ಹೊನ್ನಮ್ಮ. ಆದ್ದರಿಂದಲೇ ಅವಳು ಸಂಚಿಯ ಹೊನ್ನಮ್ಮ. ಅರಮನೆಯ ಪ್ರೋತ್ಸಾಹದಲ್ಲಿ ಅವಳು ಸಾಂಗತ್ಯದಲ್ಲಿ ರಚಿಸಿದ ಕಾವ್ಯ ‘ಹದಿಬದೆಯ ಧರ್ಮ’. ಹದಿಬದೆ ಎಂದರೆ ಪತಿವ್ರತೆ. ಗಂಡನಲ್ಲಿ, ಅತ್ತೆ ಮಾವಂದಿರಲ್ಲಿ ಹೆಣ್ಣು ಹೇಗೆ ನಡೆದುಕೊಳ್ಳಬೇಕು, ಮನೆಯನ್ನು ಹೇಗೆ ನಡೆಸಬೇಕು ಎಂಬುದನ್ನು ತಿಳಿಗನ್ನಡದಲ್ಲಿ ಹೇಳುವ ಕೃತಿ ಇದು.

ಇಲ್ಲಿ ಮಾರ್ಕ್ಸ್ ಮತ್ತು ಎಂಗೆಲ್ಸರ ಮಾತು ಅಕ್ಷರಶಃ ಹೊಂದುತ್ತದೆ. ಕಾವ್ಯ ಹುಟ್ಟಿದ್ದು ಅರಮನೆಯಲ್ಲಿ. ಅದರ ಆದರ್ಶ ಮೇಲುವರ್ಗದ ಮನೆಯದು. ಬರೆದವಳು ಮಾತ್ರ ಊಳಿಗದ ಹೆಣ್ಣು. ಆಳುವವರ ಧರ್ಮ ಊಳಿಗದವಳ ಬಾಯಲ್ಲಿ, ಅದೂ ಮಧುರವಾಗಿ, ನುಡಿಯುತ್ತದೆ. ಹೊನ್ನಮ್ಮನನ್ನು ಯಾರೋ ಮೋಸಗೊಳಿಸಿದರು, ಹೆದರಿಸಿ ಬರೆಸಿದರು ಎನ್ನುವಂತಿಲ್ಲ. ಅವಳು ಅದನ್ನು ನಂಬಿದ್ದಳು. ಐಡಿಯಾಲಜಿ ಬಲವಾಗಿರುವುದು ಹೀಗೆ ನಂಬಿದವರ ದನಿಯಲ್ಲೇ.

ಆದರೆ ಇದೇ ಕಾವ್ಯದಲ್ಲಿ ಹೆಣ್ಣನ್ನು ಕೀಳಾಗಿ ಕಾಣುವವರ ಮೇಲೆ ಹೊನ್ನಮ್ಮ ಸಿಡಿದೇಳುವ ಜಾಗವೂ ಇದೆ. ಹೆತ್ತವಳು, ಸಾಕಿದವಳು ಹೆಣ್ಣೇ ಆಗಿರುವಾಗ ಹೆಣ್ಣೆಂದರೆ ಹೀಗಳೆಯುವುದೇಕೆ ಎಂಬ ಅರ್ಥದ ಅವಳ ಪ್ರಶ್ನೆ ಕನ್ನಡದ ಮನೆಮಾತಾಗಿದೆ. ಪತಿವ್ರತಾ ಧರ್ಮವನ್ನು ಬೋಧಿಸುವ ಕೃತಿಯೇ ಆ ಧರ್ಮದ ಅಡಿಪಾಯದಲ್ಲಿರುವ ಅನ್ಯಾಯವನ್ನು ಎತ್ತಿ ತೋರಿಸುತ್ತದೆ. ಒಂದೇ ಮನಸ್ಸಿನಲ್ಲಿ ಒಪ್ಪಿಗೆ, ಪ್ರತಿಭಟನೆ ಎರಡೂ ಒಟ್ಟಿಗೆ ಇರುವುದು ಹೇಗೆ?

ಸೆರೆಮನೆಯಿಂದ ಬಂದ ಉತ್ತರ

ಇದಕ್ಕೆ ಉತ್ತರ ಹುಡುಕಿದವನು ಇಟಲಿಯ ಅಂತೋನಿಯೊ ಗ್ರಾಂಶಿ. ಮುಸ್ಸೊಲಿನಿಯ ಸರ್ಕಾರ ಅವನನ್ನು 1926ರಲ್ಲಿ ಬಂಧಿಸಿತು. 1937ರಲ್ಲಿ ಸಾಯುವವರೆಗೂ ಅವನಿಗೆ ಪೂರ್ಣ ಸ್ವಾತಂತ್ರ್ಯವೆಂಬುದು ಸಿಗಲಿಲ್ಲವೆಂದೇ ಹೇಳಬೇಕು. ಸೆರೆಯಲ್ಲಿ ಬರೆದ ಟಿಪ್ಪಣಿಗಳಲ್ಲಿ ಅವನು ಹೇಳಿದ್ದು ಇದು: ಆಳುವವರು ಕೇವಲ ದೊಣ್ಣೆಯಿಂದ ಆಳುವುದಿಲ್ಲ, ಒಪ್ಪಿಗೆಯಿಂದಲೂ ಆಳುತ್ತಾರೆ. ಈ ಒಪ್ಪಿಗೆಯ ಆಳ್ವಿಕೆಯನ್ನೇ ಕನ್ನಡ ವಿಮರ್ಶಕರು ‘ಯಜಮಾನಿಕೆ’ ಎಂದು ಕರೆದಿದ್ದಾರೆ.

ಗ್ರಾಂಶಿಯ ಪ್ರಕಾರ ಜನಸಾಮಾನ್ಯರ ತಿಳಿವಳಿಕೆ ಒಂದೇ ಬಣ್ಣದ ಬಟ್ಟೆಯಲ್ಲ, ಅದೊಂದು ಕೌದಿ. ಮೇಲಿನವರು ಕೊಟ್ಟ ತುಂಡುಗಳೂ ಅದರಲ್ಲಿವೆ, ದುಡಿದು ನೊಂದು ತಾವೇ ಕಂಡುಕೊಂಡ ತುಂಡುಗಳೂ ಇವೆ. ಆದ್ದರಿಂದಲೇ ಅವನು ಜಾನಪದವನ್ನು ರಜೆಯ ದಿನದ ಮೋಜಿನಂತೆ ನೋಡದೆ, ಜನರ ಲೋಕದೃಷ್ಟಿಯೆಂದು ಗಂಭೀರವಾಗಿ ಓದಬೇಕು ಎಂದ.

ಹೊನ್ನಮ್ಮನ ಕಾವ್ಯದಲ್ಲಿ ಅರಮನೆ ಕೊಟ್ಟ ತುಂಡು ದೊಡ್ಡದು, ಅವಳ ಸ್ವಂತದ ತುಂಡು ಚಿಕ್ಕದು. ಮಲೆಯ ಹಾಡಿಗೆ ಬಂದರೆ ಈ ಲೆಕ್ಕ ತಿರುವುಮುರುವಾಗುತ್ತದೆ. ಹಾಗೆಂದು ಮಲೆಯ ಹಾಡು ಪೂರ್ತಿ ಬಂಡಾಯವೂ ಅಲ್ಲ. ಗಮನವಿಟ್ಟು ಕೇಳಿದರೆ, ಸಂಕಮ್ಮ ಪಾತಿವ್ರತ್ಯವನ್ನು ಎಲ್ಲಿಯೂ ತಿರಸ್ಕರಿಸುವುದಿಲ್ಲ. ಅವಳು ತಿರಸ್ಕರಿಸಿದ್ದು ಅದಕ್ಕೆ ಗಂಡ ಕೇಳಿದ ಜಾಮೀನನ್ನು. ‘ನಾನು ಶುದ್ಧಳಾಗಿರುತ್ತೇನೆ, ಆದರೆ ಅದು ನಿನ್ನ ಅಪ್ಪಣೆಯಿಂದಲ್ಲ’ ಎಂಬುದು ಅವಳ ನಿಲುವಿನ ಅರ್ಥ. ವ್ಯತ್ಯಾಸ ಚಿಕ್ಕದಾಗಿ ಕಾಣುತ್ತದೆ. ಆದರೆ ಇಡೀ ಕಥೆಯ ಹಿಂಸೆ ಹೊರಬರುವುದು ಈ ಚಿಕ್ಕ ಬಿರುಕಿನಿಂದಲೇ.

ಕರೆದವರಿಗೆ ಓಗೊಡುವುದು

ಗಂಡನಿಗೆ ಭಾಷೆಯೇ ಏಕೆ ಬೇಕು? ಹೆಂಡತಿ ಹೇಗಿದ್ದರೂ ಶೀಲವಂತೆ ಎಂದಾದರೆ ಅಷ್ಟು ಸಾಲದೇ? ಇದಕ್ಕೆ ಫ್ರಾನ್ಸಿನ ತತ್ವಜ್ಞಾನಿ ಲೂಯಿ ಅಲ್ತೂಸರ್ 1970ರಲ್ಲಿ ಪ್ರಕಟಿಸಿದ ಒಂದು ಲೇಖನ ಬೆಳಕು ಚೆಲ್ಲುತ್ತದೆ. ಅವನು ಕೊಟ್ಟ ಉದಾಹರಣೆ ಬೀದಿಯದು. ಪೊಲೀಸನೊಬ್ಬ ಹಿಂದಿನಿಂದ ಕೂಗುತ್ತಾನೆ. ನಡೆಯುತ್ತಿದ್ದವನು ತಿರುಗಿ ನೋಡುತ್ತಾನೆ. ತಿರುಗಿದ ಆ ಕ್ಷಣದಲ್ಲೇ ಅವನು ‘ಕರೆಸಿಕೊಂಡವನು’ ಆಗಿಬಿಟ್ಟ, ಅಧಿಕಾರದ ಕಣ್ಣಲ್ಲಿ ತಾನು ಯಾರೆಂಬುದನ್ನು ಒಪ್ಪಿಕೊಂಡುಬಿಟ್ಟ. ಐಡಿಯಾಲಜಿ ಎಂದರೆ ತಲೆಯೊಳಗಿನ ಸುಳ್ಳು ಮಾತ್ರವಲ್ಲ. ಅದು ಕರೆಯುವ, ಓಗೊಡುವ, ಕೈಮುಗಿಯುವ, ಮಾತು ಕೊಡುವ ದಿನನಿತ್ಯದ ಕ್ರಿಯೆಗಳಲ್ಲಿ ಬದುಕುತ್ತದೆ. ಮನೆ, ಶಾಲೆ, ಧರ್ಮಸಂಸ್ಥೆ ಇವೆಲ್ಲ ಇಂತಹ ಕರೆಗಳನ್ನು ಕಲಿಸುವ ಜಾಗಗಳು ಎಂದು ಅಲ್ತೂಸರ್ ವಾದಿಸಿದ.

ನೀಲೇಗೌಡನ ‘ಭಾಷೆ ಕೊಡು’ ಇಂತಹ ಒಂದು ಕರೆ. ಅವನಿಗೆ ಬೇಕಾಗಿರುವುದು ಹೆಂಡತಿಯ ಶೀಲವಷ್ಟೇ ಅಲ್ಲ, ಆ ಶೀಲಕ್ಕೆ ತಾನೇ ಒಡೆಯ ಎಂದು ಅವಳೇ ಬಾಯಿಬಿಟ್ಟು ಹೇಳಬೇಕು. ಕನ್ನಡದಲ್ಲಿ ಭಾಷೆ ಎಂದರೆ ನುಡಿಯೂ ಹೌದು, ಆಣೆಯೂ ಹೌದು. ಭಾಷೆ ಕೊಟ್ಟವಳು ತನ್ನ ನುಡಿಯನ್ನೇ ಒತ್ತೆಯಿಟ್ಟಂತೆ. ಸಂಕಮ್ಮ ಕರೆಗೆ ತಿರುಗಲಿಲ್ಲ.

ಆಮೇಲೆ ನಡೆಯುವುದೂ ಅಲ್ತೂಸರ್ ಮತ್ತು ಗ್ರಾಂಶಿ ಇಬ್ಬರೂ ಹೇಳಿದಂತೆಯೇ. ಒಪ್ಪಿಗೆ ಸಿಗದಿದ್ದಾಗ ಅದರ ಹಿಂದೆ ಅವಿತಿದ್ದ ದೊಣ್ಣೆ ಹೊರಬರುತ್ತದೆ. ಸಂಕಮ್ಮ ತಲೆಯಾಡಿಸಿದ್ದರೆ ನೀಲೇಗೌಡ ಪ್ರೀತಿಯ ಗಂಡನಾಗಿಯೇ ಕಾಡಿಗೆ ಹೋಗುತ್ತಿದ್ದ. ಸುತ್ತಲಿನವರಿಗೂ, ಪ್ರಾಯಶಃ ಅವನಿಗೂ, ತನ್ನೊಳಗಿನ ಕ್ರೌರ್ಯ ತಿಳಿಯುತ್ತಲೇ ಇರಲಿಲ್ಲ. ಸುಖವಾಗಿ ಕಾಣುವ ಎಷ್ಟೋ ಸಂಸಾರಗಳ ಕೆಳಗೆ ಇಂತಹ ಗುಡಿಸಿಲೊಂದು ಸಿದ್ಧವಾಗಿರುತ್ತದೆ ಎಂಬ ಸತ್ಯವನ್ನು ಹಾಡು ಬಯಲು ಮಾಡುತ್ತದೆ.

ಜೇನಿನ ಹಗ್ಗ

ಮಾರ್ಕ್ಸ್‌ವಾದಿ ಓದು ಇಲ್ಲಿಗೇ ನಿಲ್ಲುವಂತಿಲ್ಲ. ವಿಚಾರಗಳ ಬೇರು ಬದುಕಿನ ದುಡಿಮೆಯಲ್ಲಿರುತ್ತದೆ ಎಂಬುದು ಅದರ ಮೂಲ ಪಾಠ. ಹಾಗಾದರೆ ಈ ಭಾಷೆಯ ಬೇರು ಎಲ್ಲಿದೆ?

ಎಂಗೆಲ್ಸ್ 1884ರಲ್ಲಿ ಬರೆದ ಕುಟುಂಬ, ಖಾಸಗಿ ಆಸ್ತಿ ಮತ್ತು ಪ್ರಭುತ್ವದ ಉಗಮ ಕುರಿತ ಗ್ರಂಥದಲ್ಲಿ ಹೆಂಡತಿಯ ಶೀಲದ ಕಾವಲನ್ನು ಆಸ್ತಿಗೆ ಜೋಡಿಸಿದ. ತನ್ನ ಹೊಲ ತನ್ನ ರಕ್ತದ ಮಗನಿಗೇ ಸೇರಬೇಕೆಂಬ ಗಂಡಿನ ಹಂಬಲವೇ ಈ ಕಾವಲಿನ ಮೂಲ ಎಂದ. ಅರಮನೆಯ ಹದಿಬದೆಯ ಧರ್ಮಕ್ಕೆ ಈ ಮಾತು ಸಲೀಸಾಗಿ ಒಪ್ಪುತ್ತದೆ. ಆದರೆ ಜೇನು, ಗೆಡ್ಡೆ ಗೆಣಸು ಆಯ್ದು ಬದುಕುವ ನೀಲೇಗೌಡನಿಗೆ ಬಿಟ್ಟುಹೋಗಲು ಯಾವ ಹೊಲವಿತ್ತು? ಎಂಗೆಲ್ಸನ ಸೂತ್ರ ಇಲ್ಲಿ ತಡವರಿಸುತ್ತದೆ.

ಉತ್ತರ ಬಹುಶಃ ಜೇನಿನಲ್ಲೇ ಇದೆ. ಹೆಜ್ಜೇನು ಕಟ್ಟುವುದು ಕಡಿದಾದ ಬಂಡೆಗಳಲ್ಲಿ, ಎತ್ತರದ ಮರಗಳಲ್ಲಿ. ಅದನ್ನು ಕೀಳುವವನ ಜೀವ ಹಗ್ಗದ ತುದಿಯಲ್ಲಿ ತೂಗುತ್ತದೆ. ಅವನ ಕೈಲಿ ಏನೂ ಇಲ್ಲ. ಬಂಡೆ ಅವನ ಮಾತು ಕೇಳುವುದಿಲ್ಲ, ಹುಳ ಕೇಳುವುದಿಲ್ಲ, ಮಳೆ ಕೇಳುವುದಿಲ್ಲ. ಮಾತು ಕೇಳಿಸಬಹುದಾದದ್ದು ಮನೆಯಲ್ಲಿರುವ ಹೆಂಡತಿಗೆ ಮಾತ್ರ. ತನ್ನ ದುಡಿಮೆಯ ಭಯವನ್ನೆಲ್ಲ ಅವನು ಅವಳ ಶೀಲದ ಮೇಲೆ ಹೇರುತ್ತಾನೆ. ಹೊರಗೆ ಅಸಹಾಯಕನಾದ ಗಂಡಸು ಒಳಗೆ ಯಜಮಾನನಾಗುವ ಈ ರೀತಿ ಮಲೆಗಷ್ಟೇ ಸೀಮಿತವಲ್ಲ. ಸಾಲದ ನೋಟಿಸು ಬಂದ ದಿನ ಹೆಂಡತಿಯ ಮೇಲೆ ಕೈಯೆತ್ತುವ ರೈತನೂ, ಮೇಲಧಿಕಾರಿಯ ಬೈಗುಳ ತಿಂದು ಮನೆಗೆ ಬಂದು ಕೂಗಾಡುವ ಗುಮಾಸ್ತನೂ ನೀಲೇಗೌಡನ ದಾಯಾದಿಗಳೇ.

ಕೃತಿಯೊಂದು ಹೇಳದೆ ಬಿಟ್ಟದ್ದರಲ್ಲೇ ಅದರ ಐಡಿಯಾಲಜಿಯ ಗುರುತು ಸಿಗುತ್ತದೆ ಎಂದು ಫ್ರೆಂಚ್ ವಿಮರ್ಶಕ ಪಿಯೇರ್ ಮಾಶೆರೆ 1966ರಲ್ಲಿ ವಾದಿಸಿದ. ಆ ಕಿವಿಯಿಂದ ಕೇಳಿದರೆ ಈ ಸಾಲಿನ ಒಂದು ಮೌನ ಎದ್ದು ಕೇಳಿಸುತ್ತದೆ. ಕಿತ್ತ ಜೇನು ಯಾರ ಪಾಲಾಗುತ್ತದೆ, ಕಾಡು ಯಾರದು ಎಂಬುದು ಇಲ್ಲಿ ಪ್ರಶ್ನೆಯಾಗುವುದೇ ಇಲ್ಲ. ಗಂಡ ಹೆಂಡಿರ ಜಗಳ ಕಥೆಯನ್ನೆಲ್ಲ ಆವರಿಸುತ್ತದೆ. ಹಾಡು ಎತ್ತದ ಆ ಪ್ರಶ್ನೆಯನ್ನು ಚರಿತ್ರೆ ಎತ್ತಿತು. ಯಳಂದೂರು ಕಡೆಯ ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ವನ್ಯಧಾಮವಾಯಿತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅಲ್ಲಿನ ಸೋಲಿಗರು ಜೇನು, ನೆಲ್ಲಿ ಸಂಗ್ರಹದ ತಮ್ಮ ಹಕ್ಕಿಗಾಗಿ ದೀರ್ಘಕಾಲ ಹೋರಾಡಬೇಕಾಯಿತು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅವರ ಸಮುದಾಯ ಹಕ್ಕುಗಳಿಗೆ ಮನ್ನಣೆ ಸಿಕ್ಕಿದ್ದು 2011ರಲ್ಲಿ. ಮಲೆ ಮಹದೇಶ್ವರದ ಕಾಡು 2013ರಲ್ಲಿ ವನ್ಯಧಾಮವಾಯಿತು.

ಮಾದಪ್ಪ ಬಂದ ಮೇಲೆ

ಕಥೆಯ ಅತಿ ಚರ್ಚಾಸ್ಪದ ಭಾಗ ಇನ್ನು ಮುಂದಿನದು. ಸಂಕಮ್ಮ ತಾನೇ ಗುಡಿಸಿಲು ಮುರಿದು ಹೊರಬರುವುದಿಲ್ಲ. ದೇವರು ಬಂದು ಬಿಡಿಸುತ್ತಾನೆ. ಅವಳಿಗೆ ಸಿಗುವ ವರ ಮಕ್ಕಳು. ಆ ಮಕ್ಕಳೂ ಕೊನೆಗೆ ಸೇರುವುದು ದೇವರ ಪರಿವಾರಕ್ಕೆ. ಗಂಡನ ಕೈಯಿಂದ ಬಿಡಿಸಿಕೊಂಡವಳು ದೇವರ ಒಕ್ಕಲಾದಳು, ಒಂದು ಯಜಮಾನಿಕೆಯಿಂದ ಇನ್ನೊಂದಕ್ಕೆ ಹೋದಳು, ಅಷ್ಟೇ ಅಲ್ಲವೇ ಎಂದು ಕೇಳುವವರಿದ್ದಾರೆ. ನಿಜಜೀವನದಲ್ಲಿ ಬಿಡಿಸಲಾಗದ ಗಂಟನ್ನು ಕಥೆ ಕಲ್ಪನೆಯಲ್ಲಿ ಬಿಡಿಸಿ ಸಮಾಧಾನ ಕೊಡುತ್ತದೆ ಎಂದು ಅಮೆರಿಕದ ಮಾರ್ಕ್ಸ್‌ವಾದಿ ವಿಮರ್ಶಕ ಫ್ರೆಡ್ರಿಕ್ ಜೇಮ್ಸನ್ 1981ರಲ್ಲಿ ಹೇಳಿದ್ದು ಈ ಅನುಮಾನಕ್ಕೆ ಬಲ ಕೊಡುತ್ತದೆ.

ಆಕ್ಷೇಪದಲ್ಲಿ ಹುರುಳಿದೆ. ಆದರೂ ಅದು ಅರ್ಧ ಮಾತು. ದೇವರು ಯಾರ ಪಕ್ಷ ವಹಿಸುತ್ತಾನೆ ಎಂಬುದೂ ಮುಖ್ಯ. ಹದಿಬದೆಯ ಧರ್ಮದಲ್ಲಿ ಹೆಣ್ಣಿಗೆ ಗಂಡನೇ ದೈವ. ಮಲೆಯ ಹಾಡಿನಲ್ಲಿ ದೈವ ಗಂಡನ ವಿರುದ್ಧ ನಿಲ್ಲುತ್ತದೆ, ಭಾಷೆ ಕೊಡದವಳನ್ನು ಎತ್ತಿಹಿಡಿಯುತ್ತದೆ. ‘ಪತಿಯೇ ದೈವ’ ಎಂಬ ಸಮೀಕರಣವನ್ನು ಹಾಡು ಮುರಿದುಹಾಕಿದೆ. ಧರ್ಮವನ್ನು ಅಫೀಮಿಗೆ ಹೋಲಿಸಿದ ಮಾರ್ಕ್ಸ್ ಅದೇ ಬರಹದಲ್ಲಿ, 1844ರಲ್ಲಿ, ಅದನ್ನು ನೊಂದವರ ನಿಟ್ಟುಸಿರಾಗಿಯೂ ಕಂಡಿದ್ದ ಎಂಬುದನ್ನು ಇಲ್ಲಿ ನೆನೆಯಬೇಕು.

ಕರ್ನಾಟಕದಲ್ಲಿ 1940ರ ದಶಕದ ಪ್ರಗತಿಶೀಲರೂ, 1979ರಲ್ಲಿ ಸಂಘಟಿತರಾದ ಬಂಡಾಯ ಸಾಹಿತಿಗಳೂ ಸಾಹಿತ್ಯವನ್ನು ವರ್ಗದ ಕಣ್ಣಿನಿಂದ ನೋಡಲು ಕಲಿಸಿದರು. ಆದರೆ ಈ ನಾಡಿನ ಕಥೆಗಳನ್ನು ವರ್ಗವೊಂದರಿಂದಲೇ ಅಳೆಯಲಾಗದು, ಜಾತಿ, ಲಿಂಗ, ನಂಬಿಕೆಗಳನ್ನೂ ಜೊತೆಗಿಟ್ಟು ನೋಡಬೇಕು ಎಂಬ ಅರಿವು ಬರಬರುತ್ತ ಬೆಳೆಯಿತು. ಸಂಕಮ್ಮನ ಸಾಲು ಈ ಮಾತಿಗೆ ಒಳ್ಳೆಯ ಸಾಕ್ಷಿ. ಬಡವನಾದ ಸೋಲಿಗನೇ ಇಲ್ಲಿ ಪೀಡಕ. ಅವನಿಗಿಂತ ಬಡವಳು, ಅವನ ಹೆಂಡತಿ, ಅವನ ಪಕ್ಕದಲ್ಲೇ ಇದ್ದಾಳೆ.

ಕೇಳುವವರು ಯಾರು?

ಕೃತಿಯ ಅರ್ಥ ಅದರ ಮುಕ್ತಾಯದಲ್ಲಷ್ಟೇ ಇರುವುದಿಲ್ಲ. ಯಾರು ಹಾಡುತ್ತಾರೆ, ಯಾರು ಕೇಳುತ್ತಾರೆ ಎಂಬುದರಲ್ಲೂ ಇರುತ್ತದೆ. ಕಂಸಾಳೆ ಹಿಡಿದು ಹಾಡುವವರು ಗಂಡಸರು. ಎದುರಿಗೆ ಕುಳಿತವರಲ್ಲಿ ಮಕ್ಕಳಿಲ್ಲವೆಂದು ಹರಕೆ ಹೊತ್ತು ಬಂದವರು, ಗಂಡನ ಅನುಮಾನದಲ್ಲಿ ಬೆಂದವರು, ಅತ್ತೆಯ ಮನೆಯಲ್ಲಿ ಮಾತು ಕಳೆದುಕೊಂಡವರು ಇರುತ್ತಾರೆ. ಭಾಷೆ ಕೊಡದ ಹೆಣ್ಣಿನ ಮಾತು ತಲೆಮಾರುಗಟ್ಟಲೆ ಗಂಡಸರ ಬಾಯಿಂದಲೇ, ಸಾವಿರಾರು ಜನರ ಎದುರು, ದೇವರ ಹೆಸರಿನಲ್ಲಿ ಹೊರಬಂದಿದೆ. ಊರಿನಲ್ಲಿ ಯಾವ ಸೊಸೆಯೂ ಹೇಳಲಾಗದ ಮಾತನ್ನು ಜಾತ್ರೆಯಲ್ಲಿ ಎಲ್ಲರೂ ಕೂತು ಕೇಳಬೇಕಾಗುತ್ತದೆ. ಅನುಮಾನದ ಗಂಡನೂ ಕೇಳಬೇಕಾಗುತ್ತದೆ.

ಹಾಡು ಕೇಳಿ ಬೆಟ್ಟ ಇಳಿದವರ ಮನೆಯಲ್ಲಿ ಮರುದಿನವೇ ಎಲ್ಲ ಬದಲಾಗುತ್ತದೆ ಎಂದು ಯಾರೂ ಹೇಳುವುದಿಲ್ಲ. ಆದರೆ ಐಡಿಯಾಲಜಿಯ ಶಕ್ತಿಯೆಲ್ಲ ಇರುವುದು ‘ಇದು ಹೀಗೆಯೇ ಇರುವುದು, ಬೇರೆ ದಾರಿಯಿಲ್ಲ’ ಎಂದು ನಂಬಿಸುವುದರಲ್ಲಿ. ಬೇರೆ ದಾರಿ ಇತ್ತು, ಒಬ್ಬಳು ಅದನ್ನು ಹಿಡಿದಿದ್ದಳು ಎಂಬ ನೆನಪನ್ನು ಉಳಿಸಿಕೊಂಡು ಬಂದಿರುವುದು ಈ ಹಾಡಿನ ಹೆಚ್ಚುಗಾರಿಕೆ.

ಸಂಕಮ್ಮನಿಗೆ ಮುಂದೆ ಪರೀಕ್ಷೆಗಳು ಎದುರಾದವು, ಮಕ್ಕಳಾದರು, ಗಂಡನಿಗೆ ಬುದ್ಧಿ ಬಂತು. ಅವೆಲ್ಲ ನಂತರದ ಮಾತು. ಜೇನಿಗೆ ಹೊರಟ ದಿನ ನೀಲೇಗೌಡ ಕೇಳಿದ ಭಾಷೆಯನ್ನು ಅವಳು ಕೊಡಲಿಲ್ಲ. ಅವನು ಕಾಡಿಗೆ ಹೋದದ್ದು ಭಾಷೆಯಿಲ್ಲದೆಯೇ.